ಟ್ರಾನ್ಸ್‌ಫಾರ್ಮ್ ಆಗೋ ರೋಬಾಟ್ ಆಟಿಕೆ ತಗೊಳೋ ಮುಂಚೆ ಏನೇನು ನೋಡ್ಬೇಕು, ಯಾವ ಕ್ರಮದಲ್ಲಿ ನೋಡ್ಬೇಕು

ಸುಮ್ನೆ ನಿಂತ್ಕೊಳೋ ಫಿಗರ್ ಆದ್ರೆ ಮುಖ ನೋಡಿ, ಪೇಂಟ್ ನೋಡಿ, ಬಾಕ್ಸ್ ನೋಡಿ ಬೆಲೆ ಕಟ್ಟಬಹುದು. ಟ್ರಾನ್ಸ್‌ಫಾರ್ಮ್ ಆಗೋದರ ಕಥೆ ಬೇರೆ. ಅದಕ್ಕೆ ಎರಡು ರೂಪ ಇರತ್ತೆ, ಒಂದು ರೋಬಾಟು, ಇನ್ನೊಂದು ಕಾರೋ ಜೆಟ್ಟೋ ಟೇಪ್ ರೆಕಾರ್ಡರೋ, ಆಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗಿ ಬರೋ ದಾರಿ ಅಂತ ಮೂರನೇದು ಒಂದಿರತ್ತೆ. ಮಾರೋರು ಹಾಕೋ ಫೋಟೋಲಿ ಮೊದಲನೇದು ಯಾವಾಗ್ಲೂ ಚೆನ್ನಾಗೇ ಕಾಣತ್ತೆ, ಎರಡನೇದು ಕೆಲವು ಸಲ ಕಾಣತ್ತೆ, ಮೂರನೇದು ಕಾಣೋದೇ ಇಲ್ಲ. ಆದ್ರೆ ಆಟಿಕೆ ಹಾಳಾಗೋದು ಅಲ್ಲೇ, ಕೀಲುಗಳಲ್ಲಿ. ಅದಕ್ಕೇ ಕೆಳಗೆ ಬರೆದಿರೋ ಎಲ್ಲಾದ್ರಲ್ಲೂ ಕೀಲಿಗೇ ಜಾಸ್ತಿ ಜಾಗ ಕೊಟ್ಟಿದೀನಿ, ಬಾಕ್ಸ್ ಪ್ರಿಯರು ಬೇಜಾರು ಮಾಡ್ಕೋಬೇಡಿ.

ಶುರು ಮಾಡೋ ಮುಂಚೆ ಒಂದು ವಿಷ್ಯ ತೀರ್ಮಾನ ಮಾಡ್ಕೊಳಿ, ಇದನ್ನ ಯಾಕೆ ತಗೋತಿದೀರ? ಶೆಲ್ಫಲ್ಲಿ ನಿಲ್ಲಿಸಕ್ಕಾ, ಕೈಯಲ್ಲಿ ಹಿಡಿದು ತಿರುಗಿಸಕ್ಕಾ, ಇಲ್ಲಾ ಬಾಕ್ಸ್ ಸಮೇತ ಇಟ್ಟು ಮುಂದೆ ಮಾರಕ್ಕಾ? ಒಂದೇ ಆಟಿಕೆಗೆ ಈ ಮೂರು ಲೆಕ್ಕದಲ್ಲಿ ಮೂರು ಬೆಲೆ ಬರತ್ತೆ. ಸೊಂಟ ಲೂಸ್ ಆಗಿರೋ ರೋಬಾಟು ಕಾರ್ ರೂಪದಲ್ಲಿ ಶೆಲ್ಫ್ ಮೇಲೆ ಆರಾಮಾಗಿ ಕೂತಿರತ್ತೆ, ತಿರುಗಿಸಿ ಆಡೋರಿಗೆ ಮಾತ್ರ ಅದು ತಲೆನೋವು.

1. ಮೊದಲು ಅದು ಯಾವುದು ಅಂತ ಗುರುತು ಹಿಡೀರಿ

ಇದು ಬೋರು ಅನ್ಸತ್ತೆ, ಆದ್ರೆ ಅರ್ಧ ಜಗಳ ಇಲ್ಲೇ ಮುಗಿಯತ್ತೆ. ಟ್ರಾನ್ಸ್‌ಫಾರ್ಮರ್ಸ್ ಅಂತ ಹ್ಯಾಸ್‌ಬ್ರೋ ಕಂಪನಿ ಅಮೆರಿಕದಲ್ಲಿ 1984ರಲ್ಲಿ ಮಾರಕ್ಕೆ ಶುರು ಮಾಡಿದ ಆಟಿಕೆಗಳಲ್ಲಿ ಹೆಚ್ಚಿನವು ಅವರು ಹೊಸದಾಗಿ ಡಿಸೈನ್ ಮಾಡಿದ್ದಲ್ಲ. ಜಪಾನಿನ ಟಕಾರಾ ಕಂಪನಿ ಹತ್ರ 1980ರಲ್ಲಿ ಶುರುವಾದ ಡಯಾಕ್ಲೋನ್ ಅನ್ನೋ ಸರಣಿ ಇತ್ತು, 1983ರಲ್ಲಿ ಮೈಕ್ರೋಮ್ಯಾನ್ ಅನ್ನೋ ಅವರದ್ದೇ ಇನ್ನೊಂದು ಸರಣಿ ಒಳಗೆ ಮೈಕ್ರೋ ಚೇಂಜ್ ಅಂತ ಬಂತು, ಅಲ್ಲಿನ ಅಚ್ಚುಗಳನ್ನೇ ತಗೊಂಡು ಹೊಸ ಹೆಸರು ಹೊಸ ಕಥೆ ಕೊಟ್ಟು ಮಾರಿದ್ರು. ಟ್ರಕ್ ಆಗೋ ಆಪ್ಟಿಮಸ್ ಪ್ರೈಮ್ ಡಯಾಕ್ಲೋನ್ ಕಡೆಯಿಂದ, ಟೇಪ್ ರೆಕಾರ್ಡರ್ ಆಗೋ ಸೌಂಡ್‌ವೇವ್ ಮತ್ತು ಪಿಸ್ತೂಲ್ ಆಗೋ ಮೆಗಾಟ್ರಾನ್ ಮೈಕ್ರೋ ಚೇಂಜ್ ಕಡೆಯಿಂದ. ಇನ್ನೂ ಮಜಾ ಅಂದ್ರೆ 1985ರ ಜೆಟ್‌ಫೈರ್, ಅದು ಟಕಾರಾದ್ದೂ ಅಲ್ಲ, ಟಕಾಟೋಕು ಅನ್ನೋ ಬೇರೆ ಕಂಪನಿಯವರು ಮ್ಯಾಕ್ರಾಸ್ ಅನ್ನೋ ಜಪಾನಿ ಕಾರ್ಟೂನ್ ಸರಣಿಗೆ ಅಂತ ಮಾಡಿದ್ದ ವಾಲ್ಕಿರಿ ವಿಮಾನದ ಅಚ್ಚು.

ಇದೆಲ್ಲಾ ಯಾಕೆ ಹೇಳ್ದೆ ಅಂದ್ರೆ, ಒಂದೇ ಅಚ್ಚಿನಿಂದ ಡಯಾಕ್ಲೋನ್ ಬಂದಿರತ್ತೆ, ಮೊದಲ ತಲೆಮಾರಿನ ಟ್ರಾನ್ಸ್‌ಫಾರ್ಮರ್ ಬಂದಿರತ್ತೆ, 2000ದ ನಂತರ ಕಂಪನಿಯೇ ಮಾಡಿದ ಮರುಬಿಡುಗಡೆ ಬಂದಿರತ್ತೆ, ಆಮೇಲೆ ಯಾರೋ ಕದ್ದು ಮಾಡಿದ ನಕಲಿನೂ ಬಂದಿರತ್ತೆ. ಫೋಟೋದಲ್ಲಿ ನಾಲ್ಕೂ ಅಣ್ಣತಮ್ಮಂದಿರು. ಬೆಲೆ ಮಾತ್ರ ಒಂದಕ್ಕೊಂದು ಸಂಬಂಧ ಇಲ್ಲ.

ಮೈ ಮೇಲೆ ಎಲ್ಲೋ ಒಂದು ಕಡೆ, ತೊಡೆ ಒಳಗೋ ಪಾದದ ಅಡಿಯೋ ಕಾರಿನ ತಳವೋ, ಕಂಪನಿ ಹೆಸರು ಮತ್ತು ವರ್ಷ ಒತ್ತಿರತ್ತೆ. ಅದನ್ನ ಓದಿ, ಆದ್ರೆ ಅಲ್ಲಿರೋ ವರ್ಷನ ಪೂರ್ತಿ ನಂಬ್ಬೇಡಿ. ಅದು ಕಾಪಿರೈಟ್ ವರ್ಷ, ಆ ಪೀಸ್ ಕಾರ್ಖಾನೆಯಿಂದ ಹೊರಗೆ ಬಂದ ವರ್ಷ ಅಲ್ಲ. 1980ರ ದಶಕದ ವರ್ಷ ಒತ್ತಿರೋ ಮರುಬಿಡುಗಡೆಗಳು ಬೇಕಾದಷ್ಟಿವೆ, "ನೋಡಿ ಸಾರ್ ಇಲ್ಲೇ ಬರೆದಿದೆ" ಅಂತ ತೋರಿಸೋರು ಸುಳ್ಳು ಹೇಳ್ತಿದಾರೆ ಅಂತಲ್ಲ, ಅವರಿಗೂ ಗೊತ್ತಿರಲ್ಲ ಅಷ್ಟೇ. ಟಕಾರಾ ಟೋಮಿ ಅಂತ ಜೋಡಿ ಹೆಸರಿದ್ರೆ ಮಾತ್ರ ಖಾತ್ರಿ, ಆ ಎರಡು ಕಂಪನಿ ಒಂದಾಗಿದ್ದೇ 2006ರಲ್ಲಿ, ಅಂದ್ಮೇಲೆ ಅದು ಹಳೇದಾಗಕ್ಕೆ ಸಾಧ್ಯನೇ ಇಲ್ಲ.

ಇನ್ನೊಂದು ಗುರುತು, ಬೆರಳಿಟ್ಟು ಉಜ್ಜಿದ್ರೆ ಬಿಸಿಗೆ ಬಣ್ಣ ಬದಲಾಗಿ ಒಳಗಿನ ಲಾಂಛನ ಕಾಣೋ ಚೌಕದ ಸ್ಟಿಕ್ಕರ್. ಅದು 1985ರಿಂದ ಬಂತು. ಹಾಗಾಗಿ 1984ರ ಮೊದಲ ಕಂತಿನ ಆಟಿಕೆಲಿ ಅದಿಲ್ಲ ಅಂದ್ರೆ ಗಾಬರಿ ಆಗ್ಬೇಡಿ, ಅದು ಸರಿಯಾಗೇ ಇದೆ. 1985ರ ನಂತರದ್ರಲ್ಲಿ ಜಾಗ ಖಾಲಿ ಇದ್ರೆ ಕಿತ್ತು ಹೋಗಿದೆ ಅಂತ ಅರ್ಥ.

ನಕಲಿ ಪತ್ತೆಗೆ ನನ್ನ ನಂಬಿಕೆ ಸ್ಟ್ಯಾಂಪ್‌ಗಿಂತ ಪ್ಲಾಸ್ಟಿಕ್ ಮೇಲೆ. ನಕಲಿಯಲ್ಲಿ ಪ್ಲಾಸ್ಟಿಕ್ ಹಗುರ ಇರತ್ತೆ, ಹೊಳಪು ಒಂಥರಾ ಎಣ್ಣೆ ಎಣ್ಣೆ, ಪಿನ್ನಿನ ತಲೆ ಒರಟು, ಅಕ್ಷರ ಒತ್ತಿರೋ ಜಾಗ ಮಸುಕು ಅಥವಾ ಅಳಿಸಿ ನುಣ್ಣಗೆ ಮಾಡಿರ್ತಾರೆ. ಅಳತೆನೂ ಮುಖ್ಯ. ಸಂಗ್ರಾಹಕರಿಗೆ ಅಂತ ಕಂಪನಿಯೇ ಮಾಡೋ ಮಾಸ್ಟರ್‌ಪೀಸ್ ಸರಣಿಯ ಜನಪ್ರಿಯ ಅಚ್ಚುಗಳನ್ನ ದೊಡ್ಡದು ಮಾಡಿ ಮಾರೋರು ಇದಾರೆ, ಪಕ್ಕದಲ್ಲಿ ಸ್ಕೇಲ್ ಇಡದೇ ಇದ್ರೆ ಗೊತ್ತಾಗಲ್ಲ. ಹಾಂ, ಥರ್ಡ್ ಪಾರ್ಟಿ ಅನ್ನೋದನ್ನ ನಕಲಿ ಜೊತೆ ಕಲಸ್ಬೇಡಿ, ಅವರು ಲೈಸೆನ್ಸ್ ಇಲ್ದೇನೇ ಮಾಡ್ತಾರೆ ನಿಜ, ಆದ್ರೆ ಅಚ್ಚು ಸ್ವಂತದ್ದು, ಎಷ್ಟೋ ಸಲ ಇಂಜಿನಿಯರಿಂಗ್ ಕೂಡ ಭಾರಿ ಚೆನ್ನಾಗಿರತ್ತೆ. ಇನ್ನೊಬ್ಬರ ಅಚ್ಚನ್ನೇ ನಕಲು ಹೊಡೆಯೋದು ಬೇರೆ ಜಾತಿ.

2. ಕೈ ಹಾಕ್ಬೇಡಿ, ಬರೀ ಕಣ್ಣಲ್ಲಿ ನೋಡಿ

ಕೈಗೆ ಬಂದ ತಕ್ಷಣ ಟ್ರಾನ್ಸ್‌ಫಾರ್ಮ್ ಮಾಡಕ್ಕೆ ಹೋಗೋದು ಎಲ್ಲರಿಗೂ ಇರೋ ಚಟ. ತಡ್ಕೊಳಿ. ಮೊದಲು ಒಳ್ಳೆ ಬೆಳಕಲ್ಲಿ ಇಟ್ಟು ಸುತ್ತ ತಿರುಗಿಸಿ ನೋಡಿ, ಯಾಕಂದ್ರೆ ಈಗಾಗ್ಲೇ ಇರೋ ಬಿರುಕಿಗೆ ನೀವು ಒತ್ತಡ ಕೊಟ್ರೆ ಮುರಿಯೋದು ನಿಮ್ಮ ಕೈಯಲ್ಲಿ.

ಎಲ್ಲಕ್ಕಿಂತ ಮುಖ್ಯವಾಗಿ ಹುಡುಕಬೇಕಾಗಿದ್ದು, ಚಿನ್ನದ ಬಣ್ಣದ ಅಥವಾ ಮಿನುಗು ಸುಳಿಸುಳಿಯಾಗಿ ಬೆರೆತಿರೋ ಪ್ಲಾಸ್ಟಿಕ್ ಎಲ್ಲಾದ್ರೂ ಇದ್ಯಾ ಅಂತ. 1980ರ ದಶಕದ ಕೊನೆಯಿಂದ ಬಂದ ಕೆಲವು ಆಟಿಕೆಗಳಲ್ಲಿ ಈ ಥರದ ಪ್ಲಾಸ್ಟಿಕ್ ಇದೆ, ವರ್ಷ ಕಳೆದ ಹಾಗೆ ಅದರ ಒಳಗಿನ ಬಂಧನೇ ಸಡಿಲಾಗಿ ಒಂದಿನ ಮುಟ್ಟಿದ್ರೆ ಒಣಗಿದ ಮಣ್ಣಿನ ಹೆಂಟೆ ಥರ ಪುಡಿ ಆಗತ್ತೆ. ಸಂಗ್ರಾಹಕರು ಇದಕ್ಕೆ ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್ ಅಂತಾರೆ, ಬಣ್ಣ ಚಿನ್ನದ್ದೇ ಆಗಿರ್ಬೇಕು ಅಂತಿಲ್ಲ, ಅದೇ ಥರ ಮಿನುಗು ಬೆರೆಸಿದ ಬೇರೆ ಬಣ್ಣಕ್ಕೂ ಇದೇ ಗತಿ. ಇದಕ್ಕೆ ಮದ್ದಿಲ್ಲ. ಬಾಕ್ಸ್ ಬಿಚ್ಚದೇ ಇಟ್ಟಿದ್ರೂ ಆಗತ್ತೆ, ಆಟ ಆಡಿ ಆಗೋ ಸವೆತ ಅಲ್ಲ ಇದು. ಇಂಥ ಪೀಸನ್ನ ತಿರುಗಿಸಿ ಪರೀಕ್ಷೆ ಮಾಡಕ್ಕೂ ಹೋಗ್ಬೇಡಿ, ತಿರುಗಿಸಿ ತೋರಿಸಿ ಅಂತ ಮಾರೋರನ್ನ ಕೇಳೋದೂ ಅನ್ಯಾಯ. ಹಾಗೇ ನಿಲ್ಲಿಸಿ ನೋಡಕ್ಕೆ ಅಂತ ತಗೊಳಿ, ಇಲ್ಲಾಂದ್ರೆ ಬಿಡಿ.

ಪಾರದರ್ಶಕ ಪ್ಲಾಸ್ಟಿಕ್ಕಿಗೆ ಪಿನ್ ಹೊಡೆದಿರೋ ಜಾಗ ಎರಡನೇದು. ಈಗಿನ ಕಾರ್ ರೋಬಾಟ್‌ಗಳಲ್ಲಿ ಗಾಜಿನ ಭಾಗನೇ ಕೀಲೂ ಆಗಿರತ್ತೆ, ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಬಾಗಲ್ಲ, ಬಿರುಕು ಬಿಡತ್ತೆ. ಪಿನ್ನಿನ ಸುತ್ತ ಕೂದಲೆಳೆ ಥರ ಗೆರೆಗಳು ಕಂಡ್ರೆ ಬೆಲೆ ಇಳಿಸಿ ಮಾತಾಡಿ. ಬಣ್ಣದ ಪ್ಲಾಸ್ಟಿಕ್ಕಲ್ಲಿ ಇದೇ ಒತ್ತಡ ಬಿಳಿ ಕಲೆ ಥರ ಕಾಣತ್ತೆ, ಕಪ್ಪು ಕೆಂಪು ನೀಲಿ ಪ್ಲಾಸ್ಟಿಕ್ಕಲ್ಲಿ ಕಣ್ಣಿಗೆ ಹೊಡೆಯತ್ತೆ, ಬಿಳಿ ಪ್ಲಾಸ್ಟಿಕ್ಕಲ್ಲಿ ಅಡಗಿರತ್ತೆ, ಅಲ್ಲಿ ಉಗುರಲ್ಲಿ ಮೆಲ್ಲಗೆ ಸವರಿ ನೋಡ್ಬೇಕು.

ಹಳದಿ ಆಗಿರೋದು ಎಲ್ಲರಿಗೂ ಗೊತ್ತಿರೋದೇ. ಬಿಳಿ ಎಬಿಎಸ್ ಪ್ಲಾಸ್ಟಿಕ್ ಬೆಳಕಿಗೆ ಬಿಸಿಗೆ ಹಳದಿ ಆಗತ್ತೆ, ಜೆಟ್‌ಫೈರ್ ಇದಕ್ಕೆ ಹೆಸರುವಾಸಿ, ಪೂರ್ತಿ ಬೆಳ್ಳಗಿರೋ ಹಳೇ ಜೆಟ್‌ಫೈರ್ ಸಿಕ್ರೆ ಖುಷಿ ಪಡೋ ಮುಂಚೆ ಅನುಮಾನ ಪಡಿ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೋ ಯುವಿ ದೀಪಕ್ಕೋ ಇಟ್ಟು ಬೆಳ್ಳಗೆ ಮಾಡ್ತಾರೆ, ಕೆಲಸ ಮಾಡತ್ತೆ, ಆದ್ರೆ ಸ್ವಲ್ಪ ಸಮಯಕ್ಕೆ ಹಳದಿ ವಾಪಸ್ ಬರಬಹುದು. ಹಾಗೆ ಬಿಳುಪು ಮಾಡಿದ ಪೀಸನ್ನ ಒಂದು ಸಣ್ಣ ಉಪಾಯದಿಂದ ಹಿಡೀಬಹುದು, ಮುಚ್ಚಿಕೊಂಡಿರೋ ಒಳಭಾಗ ಮತ್ತು ಹೊರಭಾಗದ ಬಣ್ಣ ಹೋಲಿಸಿ, ಹೊರಗಡೆ ಒಳಗಿಗಿಂತ ಬೆಳ್ಳಗಿದ್ರೆ ಏನೋ ನಡೆದಿದೆ.

ಕ್ರೋಮ್ ಬಗ್ಗೆ ಜಾಸ್ತಿ ಹೇಳಲ್ಲ. ಪ್ಲಾಸ್ಟಿಕ್ ಮೇಲೆ ನಿರ್ವಾತದಲ್ಲಿ ಕೂರಿಸಿದ ತೆಳ್ಳನೆ ಲೋಹದ ಪದರ ಅದು, ಉಜ್ಜಿದ್ರೆ ಹೋಗತ್ತೆ, ಹೋದ್ಮೇಲೆ ಬರಲ್ಲ. ಅಂಚುಗಳನ್ನ ನೋಡಿ, ಒರೆಸಿ ಹೊಳಪು ತರಕ್ಕೆ ಹೋಗ್ಬೇಡಿ. ಡೈಕಾಸ್ಟ್ ಲೋಹದ ಭಾಗದಲ್ಲಿ ಪೇಂಟ್ ಉದುರಿರೋದು ಹಳೇ ಆಟಿಕೆಗೆ ಸಹಜ. ರಬ್ಬರ್ ಟೈರು ಇದ್ರೆ ಅದು ಚಕ್ರದ ಪ್ಲಾಸ್ಟಿಕ್ಕಿಗೆ ಅಂಟಿ ಕರಗಿಸಿದ್ಯಾ ನೋಡಿ. ಬ್ಯಾಟರಿ ಹಾಕೋ ಆಟಿಕೆ ಆದ್ರೆ ಮುಚ್ಚಳ ತೆಗೆಸಿ ನೋಡಿ, ಹಸಿರು ಅಥವಾ ಬಿಳಿ ಪುಡಿ ಕಂಡ್ರೆ ಲೈಟು ಸೌಂಡು ಸತ್ತಿದೆ ಅಂತಾನೇ ಇಟ್ಕೊಳಿ.

ಯುವಿ ಟಾರ್ಚ್ ಒಂದಿದ್ರೆ ಒಳ್ಳೇದು. ಅಂಟು ಹಾಕಿ ಜೋಡಿಸಿದ ಜಾಗ, ಬೇರೆ ಪೀಸಿಂದ ತಂದು ಸೇರಿಸಿದ ತೋಳು, ಹೊಸದಾಗಿ ಪ್ರಿಂಟ್ ಮಾಡಿ ಅಂಟಿಸಿದ ಸ್ಟಿಕ್ಕರ್, ಇವೆಲ್ಲಾ ಆ ಬೆಳಕಲ್ಲಿ ಬೇರೆ ಥರ ಹೊಳೆಯಬಹುದು. ಹೊಸ ಸ್ಟಿಕ್ಕರ್ ಹಾಕೋದು ಅಪರಾಧ ಏನಲ್ಲ, ನನಗಂತೂ ಹರಿದು ಸುಕ್ಕಾಗಿರೋದಕ್ಕಿಂತ ಅದೇ ಇಷ್ಟ, ಹೇಳಿ ಮಾರ್ಬೇಕು ಅಷ್ಟೇ.

3. ಕೀಲುಗಳು

ಈಗ ಕೈ ಹಾಕಿ. ಆದ್ರೆ ಇನ್ನೂ ಟ್ರಾನ್ಸ್‌ಫಾರ್ಮ್ ಮಾಡ್ಬೇಡಿ. ಒಂದೊಂದೇ ಕೀಲನ್ನ ಸ್ವಲ್ಪ ಸ್ವಲ್ಪ ಅಲ್ಲಾಡಿಸಿ ನೋಡೋದು.

ಕೀಲಲ್ಲಿ ಬೇರೆ ಬೇರೆ ಜಾತಿ ಇದೆ, ಯಾವುದು ಅಂತ ಗೊತ್ತಿದ್ರೆ ತೊಂದರೆನೂ ರಿಪೇರಿನೂ ಗೊತ್ತಾಗತ್ತೆ. ಬಾಲ್ ಜಾಯಿಂಟ್ ಅಂದ್ರೆ ಗುಂಡು ಬಟ್ಟಲಲ್ಲಿ ಕೂತಿರೋದು, ಇದು ಲೂಸ್ ಆಗೋದು ಜಾಸ್ತಿ, ಸರಿ ಮಾಡೋದೂ ಸುಲಭ, ಗುಂಡನ್ನ ಹೊರಗೆ ತೆಗೆದು ಮೇಲೆ ಬಣ್ಣ ಇಲ್ಲದ ನೇಲ್ ಪಾಲಿಶ್ ತೆಳ್ಳಗೆ ಹಚ್ಚಿ ಪೂರ್ತಿ ಒಣಗಿಸಿ ವಾಪಸ್ ಹಾಕಿದ್ರೆ ಬಿಗಿ ಬರತ್ತೆ. ಪೂರ್ತಿ ಒಣಗಿಸಿ ಅನ್ನೋದನ್ನ ಎರಡು ಸಲ ಓದ್ಕೊಳಿ. ಸ್ಕ್ರೂ ಇರೋ ಕೀಲು ಲೂಸಾಗಿದ್ರೆ ಒಂದು ತಿರುವು ಬಿಗಿ ಮಾಡಿದ್ರೆ ಮುಗೀತು, ಇಂಥದ್ದಕ್ಕೆಲ್ಲಾ ಬೆಲೆ ತುಂಬಾ ಕಮ್ಮಿ ಕೇಳೋದು ನ್ಯಾಯ ಅಲ್ಲ, ಆದ್ರೂ ಕೇಳಿ. ಲೋಹದ ಪಿನ್ ಹೊಡೆದು ಬರೀ ಘರ್ಷಣೆ ಮೇಲೆ ನಿಂತಿರೋ ಕೀಲು ಸವೆದಿದ್ರೆ ಕಷ್ಟ, ಪಿನ್ ಹೊರಗೆ ತಳ್ಳಬೇಕು, ತಳ್ಳುವಾಗ ಸುತ್ತಲಿನ ಪ್ಲಾಸ್ಟಿಕ್ ಸೀಳಬಹುದು. ದೊಡ್ಡ ರೋಬಾಟ್‌ಗಳ ಸೊಂಟ ಭುಜದಲ್ಲಿ ಟಕ್ ಟಕ್ ಅನ್ನೋ ರ‍್ಯಾಚೆಟ್ ಇರತ್ತೆ, ಅದನ್ನ ಕಿವಿಯಿಂದ ಪರೀಕ್ಷೆ ಮಾಡ್ಬೇಕು, ಎರಡು ಕಾಲಿಗೂ ಒಂದೇ ಥರ ಸದ್ದು, ಒಂದೇ ಥರ ತಡೆ ಬರ್ಬೇಕು. ಒಂದು ಕಡೆ ಟಕ್ ಅಂದು ಇನ್ನೊಂದು ಕಡೆ ಜಾರ್ತಾ ಹೋದ್ರೆ ಒಳಗಿನ ಹಲ್ಲು ಸವೆದಿದೆ, ಅದು ಹೊರಗಿಂದ ರಿಪೇರಿ ಆಗೋ ವಿಷಯ ಅಲ್ಲ. ಸುಮಾರು 2 ಅಡಿ ಎತ್ತರ ಬರೋ ಟೈಟನ್ ಗಾತ್ರದ 2013ರ ಮೆಟ್ರೋಪ್ಲೆಕ್ಸ್ ಥರದ್ದಕ್ಕೆ ಇದು ಬಹಳ ಮುಖ್ಯ, ಅಷ್ಟು ತೂಕ ಹೊರೋ ಸೊಂಟ ಕೈಕೊಟ್ರೆ ನಿಲ್ಲಕ್ಕೇ ಆಗಲ್ಲ.

ಲೂಸಿಗಿಂತ ಅಪಾಯ ಬಿಗಿ. ಎಷ್ಟೋ ವರ್ಷ ಅಲ್ಲಾಡದೇ ಇದ್ದ ಕೀಲು ಹಿಡ್ಕೊಂಡಿರತ್ತೆ, ಲೂಸ್ ಆಗಿದ್ರೆ ಕೆಟ್ಟದು ಬಿಗಿ ಇದ್ರೆ ಒಳ್ಳೇದು ಅಂತ ಜನ ಅಂದ್ಕೊಂಡಿರ್ತಾರೆ, ಹಿಡ್ಕೊಂಡಿರೋದನ್ನ ಬಲ ಹಾಕಿ ತಿರುಗಿಸಿದಾಗ ಪಿನ್ ತಿರುಗಲ್ಲ, ಪ್ಲಾಸ್ಟಿಕ್ ತಿರುಚಿ ಹೋಗತ್ತೆ. ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ, ಹೇರ್ ಡ್ರೈಯರಲ್ಲಿ ದೂರದಿಂದ ಉಗುರುಬೆಚ್ಚಗೆ ಮಾಡಿದ್ರೂ ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾಗತ್ತೆ. ತಣ್ಣಗಿರೋ ಪ್ಲಾಸ್ಟಿಕ್ ಪೆಡಸು, ಚಳಿಯಲ್ಲಿ ಕೊರಿಯರಲ್ಲಿ ಬಂದಿದ್ದನ್ನ ಬಂದ ತಕ್ಷಣ ತಿರುಗಿಸ್ಬೇಡಿ. ಮಾರೋರ ಟೇಬಲ್ ಮೇಲೆ ಇದೆಲ್ಲಾ ಮಾಡಕ್ಕಾಗಲ್ಲ, ಅಲ್ಲಿ ಹಿಡ್ಕೊಂಡಿದೆ ಅನ್ಸಿದ್ರೆ ಬಲ ಹಾಕದೆ ಅದನ್ನ ಬಾಯಲ್ಲಿ ಹೇಳಿ, ಅಷ್ಟೇ.

ಹೊಸ ಆಟಿಕೆ ಆದ್ರೂ ಈ ಹಂತ ಬಿಡ್ಬೇಡಿ. ಎರಡೂ ಎಡಗೈ ಬಂದಿರೋದು, ಮೊಣಕಾಲಿನ ಭಾಗ ತಿರುಗಾಮುರುಗಾ ಕೂರಿಸಿರೋದು, ಇವೆಲ್ಲಾ ಕಾರ್ಖಾನೆಯಲ್ಲೇ ಆಗೋ ತಪ್ಪುಗಳು, ರೋಬಾಟ್ ರೂಪದಲ್ಲಿ ಸುಮಾರಾಗಿ ಕಾಣತ್ತೆ, ಮಡಚುವಾಗ ಮಾತ್ರ ಒಂದು ಕಡೆ ಕೂರಲ್ಲ.

4. ಈಗ ಟ್ರಾನ್ಸ್‌ಫಾರ್ಮ್ ಮಾಡಿ, ಹೋಗ್ತಾ ಒಂದ್ಸಲ ಬರ್ತಾ ಒಂದ್ಸಲ

ಸೂಚನಾ ಪತ್ರ ಮುಂದಿಟ್ಕೊಂಡು ಮಾಡಿ, ಮರ್ಯಾದೆ ಏನೂ ಹೋಗಲ್ಲ. 2003ರಲ್ಲಿ ಎಂಪಿ-01 ಕಾನ್‌ವಾಯ್‌ನಿಂದ (ಆಪ್ಟಿಮಸ್‌ಗೆ ಜಪಾನಲ್ಲಿ ಇರೋ ಹೆಸರು) ಶುರುವಾದ ಮಾಸ್ಟರ್‌ಪೀಸ್ ಸರಣಿ ಬರ್ತಾ ಬರ್ತಾ ಎಷ್ಟು ಸಿಕ್ಕಾಗಿದೆ ಅಂದ್ರೆ ಒಂದು ಹಲಗೆ ಮುಂಚೆ ಮಡಚಿದ್ರೆ ಇನ್ನೊಂದಕ್ಕೆ ಗೀರು ಬೀಳತ್ತೆ.

ಹೋಗುವಾಗ ನೋಡ್ಬೇಕಾಗಿದ್ದು, ಎಲ್ಲಿ ಪ್ಲಾಸ್ಟಿಕ್ ಪ್ಲಾಸ್ಟಿಕ್‌ಗೆ ಉಜ್ಜತ್ತೆ, ಎಲ್ಲಿ ಪೇಂಟ್ ಮಾಡಿದ ಜಾಗ ಪೇಂಟ್ ಮಾಡಿದ ಜಾಗಕ್ಕೆ ತಾಗತ್ತೆ. ಅಲ್ಲಿ ಈಗಾಗ್ಲೇ ಎಷ್ಟು ಸವೆದಿದೆ ಅನ್ನೋದೇ ಈ ಆಟಿಕೆನ ಎಷ್ಟು ಆಡಿದಾರೆ ಅನ್ನೋದಕ್ಕೆ ಸಾಕ್ಷಿ, ಮಾರೋರ ಮಾತಿಗಿಂತ ಇದು ಸತ್ಯ. ಕೊನೆಗೆ ವಾಹನ ಆದ್ಮೇಲೆ ಹಲಗೆಗಳು ಒಂದಕ್ಕೊಂದು ಕೂತು ಹಿಡ್ಕೊಂಡಿರ್ಬೇಕು, ಮೇಜಿನ ಮೇಲೆ ಇಟ್ಟು ತಳ್ಳಿದ್ರೆ ನಾಲ್ಕು ಚಕ್ರನೂ ಉರುಳ್ಬೇಕು, ಎತ್ತಿ ಮೆಲ್ಲಗೆ ಕುಲುಕಿದ್ರೆ ಬಾಗಿಲು ಬಾನೆಟ್ ಬಿಚ್ಕೋಬಾರ್ದು. ಮಧ್ಯೆ ಗೆರೆ ಥರ ಸಂದಿ ಉಳಿದ್ರೆ ಎರಡು ಕಾರಣ ಇರಬಹುದು, ಒಂದು ಒಳಗೆ ಯಾವುದೋ ತೋಳು ಸರಿಯಾಗಿ ಮಡಚಿಲ್ಲ, ಇನ್ನೊಂದು ಕೊಂಡಿ ಮುರಿದಿದೆ. ಕೊಂಡಿ ಅಂದ್ರೆ ಸಣ್ಣ ಹಲ್ಲು ಮತ್ತೆ ಅದು ಕೂರೋ ತೂತು, ಅದು ಮುರಿದ್ರೆ ಹೊರಗಿಂದ ಕಾಣೋದೇ ಇಲ್ಲ, ಅದಕ್ಕೇ ಪ್ರತಿ ಹಲ್ಲನ್ನೂ ಎಣಿಸಿ.

ವಾಪಸ್ ರೋಬಾಟ್ ಮಾಡಿ ನಿಲ್ಲಿಸಿ. ನೇರವಾಗಿ ಅಲ್ಲ, ಒಂದು ಕಾಲು ಸ್ವಲ್ಪ ಮುಂದಿಟ್ಟು, ಕೈಯಲ್ಲಿ ಗನ್ ಹಿಡಿಸಿ ತೋಳು ಚಾಚಿಸಿ ಒಂದೈದು ನಿಮಿಷ ಬಿಡಿ. ತೋಳು ಇಳೀತಾ? ಹಿಂದಕ್ಕೆ ವಾಲ್ತಾ? 1984ರ ಆಟಿಕೆಗಳಿಂದ ಇದನ್ನೆಲ್ಲಾ ನಿರೀಕ್ಷೆ ಮಾಡ್ಬೇಡಿ, ಅವುಗಳಲ್ಲಿ ಎಷ್ಟೋ ಪೀಸಿಗೆ ಮೊಣಕಾಲೇ ಬಗ್ಗಲ್ಲ, ಅದು ದೋಷ ಅಲ್ಲ, ಆ ಕಾಲದ ಡಿಸೈನೇ ಹಾಗೆ.

5. ಜೊತೆಗೆ ಬರ್ಬೇಕಾದ ಚಿಲ್ಲರೆ ಸಾಮಾನು

ಹಳೇ ಆಟಿಕೆಲಿ ದುಡ್ಡು ಇರೋದು ಇಲ್ಲಿ. ಮೊದಲ ಆಪ್ಟಿಮಸ್ ಪ್ರೈಮ್‌ಗೆ ಎರಡು ಮುಷ್ಟಿ ಬೇರೆಯಾಗೇ ಬರತ್ತೆ, ಟ್ರಕ್ ಮಾಡುವಾಗ ಬಿಚ್ಚಿಡ್ಬೇಕು, ಹಾಗಾಗಿ ಕಳೆದೋಗಿರೋದು ಅದೇ. ಗನ್, ಟ್ರೇಲರ್, ಟ್ರೇಲರ್ ಒಳಗಿನ ರೋಲರ್ ಅನ್ನೋ ಪುಟ್ಟ ಗಾಡಿ, ಪೆಟ್ರೋಲ್ ಪಂಪಿನ ಪೈಪು ನಳಿಕೆ, ಕ್ಷಿಪಣಿಗಳು, ಎಲ್ಲಾ ಬೇಕು. ಸೌಂಡ್‌ವೇವ್‌ನ ಆಯುಧಗಳಂತೂ ಎಎ ಬ್ಯಾಟರಿ ಆಕಾರಕ್ಕೆ ಮಡಚಿ ಬೆನ್ನಿನ ಬ್ಯಾಟರಿ ಖಾನೆಯಲ್ಲೇ ಕೂರತ್ತೆ, ಎಷ್ಟು ಜಾಣತನ ನೋಡಿ, ಮಾರೋರಿಗೇ ಅದು ಆಯುಧ ಅಂತ ಗೊತ್ತಿಲ್ಲದೇ ಅಲ್ಲೇ ಬಿಟ್ಟಿರಬಹುದು, ಆ ಖಾನೆ ತೆಗೆದು ನೋಡಿ. ಅಮೆರಿಕದಲ್ಲಿ ಅವನ ಜೊತೆ ಬರ್ತಿದ್ದ, ಅವನ ಒಳಗೆ ಕೂರೋ ಕ್ಯಾಸೆಟ್ ರೋಬಾಟು ಬಝ್‌ಸಾ, ಬೇರೆ ಕ್ಯಾಸೆಟ್ ಇಟ್ಟು ಕಂಪ್ಲೀಟ್ ಅಂತ ಹೇಳಿದ್ರೆ ಒಪ್ಬೇಡಿ.

ಕ್ಷಿಪಣಿ ಹಾರಲ್ಲ ಅಂತ ಬೆಲೆ ಇಳಿಸಕ್ಕೂ ಹೋಗ್ಬೇಡಿ. ಅಮೆರಿಕದಲ್ಲಿ ಮಾರಿದ ಎಷ್ಟೋ ಹಳೇ ಆಟಿಕೆಗಳಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಸ್ಪ್ರಿಂಗನ್ನ ಬೇಕಂತಲೇ ದುರ್ಬಲ ಮಾಡಿದ್ರು. ಹಾಗೇ 2002ರ ಅಮೆರಿಕದ ಮರುಬಿಡುಗಡೆ ಆಪ್ಟಿಮಸ್‌ನಲ್ಲಿ ಹೊಗೆ ಕೊಳವೆ ಗಿಡ್ಡ ಇದೆ, ಅದೂ ಸುರಕ್ಷತೆಗೇ, ಮುರಿದಿರೋದಲ್ಲ.

ಆರು ಸೇರಿ ಒಂದಾಗೋ 1985ರ ಡೆವಸ್ಟೇಟರ್ ಥರದ್ದಕ್ಕೆ ಆರು ರೋಬಾಟು ಇದೆ ಅಂತ ತೃಪ್ತಿ ಪಡ್ಬೇಡಿ, ಜೋಡಿಸೋ ಭಾಗಗಳೆಲ್ಲಾ ಇದ್ಯಾ ನೋಡಿ, ಪೂರ್ತಿ ಜೋಡಿಸಿ ನಿಲ್ಲಿಸಿ ತೋರಿಸಿ ಅಂತ ಕೇಳಿ. ಇದರ ನಕಲಿಗಳೂ ರಾಶಿ ರಾಶಿ ಇವೆ.

6. ಬಾಕ್ಸು, ಗ್ರೇಡು

ಹಳೇ ಬಾಕ್ಸಿನ ಹಿಂಭಾಗದಲ್ಲಿ ಕತ್ತರಿಸಿ ಕಂಪನಿಗೆ ಕಳಿಸೋ ರೋಬಾಟ್ ಪಾಯಿಂಟ್ ಅಂತ ಇರ್ತಿತ್ತು, ಆ ಜಾಗ ತೂತಾಗಿದ್ಯಾ ನೋಡಿ. ಪಾತ್ರದ ಶಕ್ತಿ ಸಾಮರ್ಥ್ಯ ತೋರಿಸೋ ಕಾರ್ಡನ್ನ ಓದಕ್ಕೆ ಒಂದು ಕೆಂಪು ಹಾಳೆ ಕೊಡ್ತಿದ್ರು, ಅದೂ ಇದ್ರೆ ಬೋನಸ್.

ಎಎಫ್‌ಎ (ಆಕ್ಷನ್ ಫಿಗರ್ ಅಥಾರಿಟಿ) ಥರದ, ಆಟಿಕೆ ಸ್ಥಿತಿ ಅಳೆಯೋ ಸಂಸ್ಥೆಗಳು ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು ಅಕ್ರಿಲಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡ್ತಾರೆ, 85 ಅಂದ್ರೆ ಬಹಳ ಒಳ್ಳೇದು ಅಂತ ಲೆಕ್ಕ. ಒಪ್ಕೋತೀನಿ, ಮಾರೋದಕ್ಕೆ ಇದು ಸಹಾಯ ಮಾಡತ್ತೆ. ಆದ್ರೆ ಸೀಲ್ ಆಗಿರೋ ಪೀಸಿಗೆ ಕೊಟ್ಟ ಅಂಕ ಅಂದ್ರೆ ಹೆಚ್ಚಾಗಿ ರಟ್ಟಿಗೆ ಮತ್ತು ಪ್ಲಾಸ್ಟಿಕ್ ಕಿಟಕಿಗೆ ಕೊಟ್ಟ ಅಂಕ. ಒಳಗಿನ ಕೀಲು ತಿರುಗತ್ತಾ, ಟೈರು ಕರಗಿದ್ಯಾ, ಸ್ಟಿಕ್ಕರ್ ಹಾಳೆ ಒಣಗಿದ್ಯಾ ಅನ್ನೋದು ಯಾರಿಗೂ ಕಾಣಲ್ಲ. ಟ್ರಾನ್ಸ್‌ಫಾರ್ಮ್ ಆಗೋ ಆಟಿಕೆನ ಟ್ರಾನ್ಸ್‌ಫಾರ್ಮ್ ಮಾಡದೇ ಅಳೆದು ಅಂಕ ಕೊಡೋದು ನನಗೆ ಯಾವತ್ತೂ ಪೂರ್ತಿ ಹಿಡಿಸಿಲ್ಲ, ಹೂಡಿಕೆ ಅಂತ ತಗೊಳೋರು ನನ್ನ ಮಾತು ಕೇಳ್ಬೇಕಾಗಿಲ್ಲ.

7. ಆನ್‌ಲೈನಲ್ಲಿ ತಗೋತಿದ್ರೆ

ಮೇಲಿನದ್ಯಾವುದೂ ಕೈಯಾರೆ ಮಾಡಕ್ಕಾಗಲ್ಲ, ಹಾಗಾಗಿ ಮಾರೋರಿಂದ ಮಾಡಿಸ್ಬೇಕು. ಹಗಲು ಬೆಳಕಲ್ಲಿ ಎರಡೂ ರೂಪದ ಫೋಟೋ, ಬೆನ್ನು ಮತ್ತು ತಳ ಸೇರಿ. ಒತ್ತಿರೋ ಸ್ಟ್ಯಾಂಪಿನ ಹತ್ತಿರದ ಫೋಟೋ. ಸ್ಕೇಲ್ ಪಕ್ಕ ಇಟ್ಟ ಫೋಟೋ. ಬಿಡಿ ಸಾಮಾನೆಲ್ಲಾ ಒಂದೇ ಚೌಕಟ್ಟಲ್ಲಿ ಹರಡಿದ ಫೋಟೋ, ಒಂದೊಂದೇ ಬೇರೆ ಬೇರೆ ತೆಗೆದಿದ್ದಲ್ಲ. ಪಿನ್ ಇರೋ ಪಾರದರ್ಶಕ ಭಾಗಗಳು. ಕೊನೆಗೆ ಒಂದು ವಿಡಿಯೋ, ಕಟ್ ಮಾಡದೇ ರೋಬಾಟಿಂದ ವಾಹನಕ್ಕೆ ಹೋಗಿ ವಾಪಸ್ ಬರೋದು, ಕ್ಯಾಮೆರಾ ಅಲ್ಲಾಡಿದ್ರೂ ಪರವಾಗಿಲ್ಲ, ಸೌಂಡ್ ಆನ್ ಇರ್ಲಿ, ರ‍್ಯಾಚೆಟ್ ಸದ್ದು ಕೇಳಿಸ್ಬೇಕು.

ಫೋಟೋ ಎಲ್ಲಾ ಕೊಟ್ಟು ವಿಡಿಯೋ ಮಾತ್ರ ಕೊಡಲ್ಲ ಅಂದ್ರೆ ಎರಡು ಸಾಧ್ಯತೆ, ಒಂದು ಅವರಿಗೆ ಟ್ರಾನ್ಸ್‌ಫಾರ್ಮ್ ಮಾಡಕ್ಕೆ ಬರಲ್ಲ, ಇನ್ನೊಂದು ಬರತ್ತೆ ಆದ್ರೆ ಮಾಡಿದ್ರೆ ಏನಾಗತ್ತೆ ಅಂತ ಗೊತ್ತಿದೆ. ಯಾವುದು ಅಂತ ತಲೆ ಕೆಡಿಸ್ಕೋಬೇಡಿ. ಶೆಲ್ಫ್ ಮೇಲೆ ನಿಲ್ಲಿಸಕ್ಕೆ ಮಾತ್ರ ಆಗೋ ಪೀಸ್ ಅಂತ ಲೆಕ್ಕ ಹಾಕಿ ಆ ಬೆಲೆ ಹೇಳಿ, ಒಪ್ಪಿದ್ರೆ ತಗೊಳಿ, ಇಲ್ಲಾಂದ್ರೆ ಮುಂದಿನದ್ದು ಹುಡುಕಿ.